ಸೆಲ್ಫ್ ತಗೊಳ್ಳುತ್ತೆ, ಸ್ಟಾರ್ಟ್ ಆಗಲ್ಲ

ಗ್ಯಾರೇಜಿಗೆ ಫೋನ್ ಮಾಡಿ "ಗಾಡಿ ಸ್ಟಾರ್ಟ್ ಆಗ್ತಿಲ್ಲ" ಅಂದರೆ ಪಳಗಿದ ಮೆಕ್ಯಾನಿಕ್ ಮೊದಲು ಕೇಳುವುದು ಒಂದೇ ಮಾತು: "ಸೆಲ್ಫ್ ತಗೋತಿದ್ಯಾ ಸಾರ್?" ಬರುವಾಗ ಜಂಪರ್ ಕೇಬಲ್ ತರಬೇಕೋ ಸ್ಕ್ಯಾನರ್ ತರಬೇಕೋ ಎಂಬುದು ನಿಮ್ಮ ಉತ್ತರದ ಮೇಲೆ ನಿಂತಿದೆ. ಕೀ ತಿರುಗಿಸಿದಾಗ 'ಟಕ್' ಎಂದು ಸುಮ್ಮನಾದರೆ, ಅಥವಾ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಮಂಕಾಗಿ 'ಟಕಟಕಟಕ' ಎಂದರೆ ಅದು ಬ್ಯಾಟರಿ, ಟರ್ಮಿನಲ್, ಸೆಲ್ಫ್ ಮೋಟರಿನ ವ್ಯವಹಾರ. ಅದು ಬೇರೆಯೇ ರೋಗ, ಅದಕ್ಕೆ ಮದ್ದೂ ಸುಲಭ. ಆದರೆ ಸೆಲ್ಫ್ ಗರಗರ ತಿರುಗುತ್ತಿದ್ದೂ ಎಂಜಿನ್ ಹತ್ತಿಕೊಳ್ಳದಿದ್ದರೆ ಮಾಲೀಕ ಗಾಬರಿಯಾಗುತ್ತಾನೆ, ಮತ್ತೆ ಮತ್ತೆ ಕೀ ತಿರುಗಿಸುತ್ತಾನೆ, ಕೊನೆಗೆ ಚೆನ್ನಾಗಿದ್ದ ಬ್ಯಾಟರಿಯನ್ನೂ ಕೂರಿಸುತ್ತಾನೆ.

ಸೆಲ್ಫ್ ಚುರುಕಾಗಿ ತಿರುಗುತ್ತಿದೆ ಎಂಬುದರಲ್ಲೇ ಸಾಕಷ್ಟು ಸುದ್ದಿಯಿದೆ. ಬ್ಯಾಟರಿಯಲ್ಲಿ ಜೀವ ಇದೆ, ಕೇಬಲ್ಲುಗಳು ಬಿಗಿಯಾಗಿವೆ, ಎಂಜಿನ್ ಜಾಮ್ ಆಗಿಲ್ಲ. ಹೀಗಿದ್ದೂ ದಾರಿಹೋಕರನ್ನು ಕರೆದು ಗಾಡಿ ತಳ್ಳಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ತಳ್ಳಿದರೆ ಆಗುವುದಾದರೂ ಏನು? ಸೆಲ್ಫ್ ಮೋಟರ್ ಆಗಲೇ ಮಾಡುತ್ತಿರುವ ಕೆಲಸವನ್ನೇ ನಾಲ್ಕು ಜನ ಬೆವರು ಸುರಿಸಿ ಮಾಡುತ್ತಾರೆ. ಎಂಜಿನ್ ತಿರುಗದಿದ್ದಾಗ ತಳ್ಳುವುದಕ್ಕೆ ಅರ್ಥವಿದೆ, ತಿರುಗುತ್ತಿರುವಾಗ ಇಲ್ಲ. ಮೇಲಾಗಿ ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ, ಅಲ್ಲಿರುವ ಕೆಟಲಿಟಿಕ್ ಕನ್ವರ್ಟರಿನಲ್ಲಿ ಸೇರಿಕೊಳ್ಳುತ್ತದೆ. ಆಮೇಲೆ ಎಂಜಿನ್ ಹತ್ತಿಕೊಂಡಾಗ ಅದು ಅಲ್ಲೇ ಉರಿದು, ಆ ದುಬಾರಿ ಭಾಗವನ್ನು ಸುಟ್ಟುಹಾಕಬಹುದು.

ಬ್ಯಾಟರಿಯಲ್ಲಿ ಜೀವ ಇದೆ ಎಂಬ ಮಾತಿಗೆ ಒಂದು ಅಪವಾದ ಮಾತ್ರ ಇದೆ. ಸೆಲ್ಫ್ ತಿರುಗುತ್ತದೆ, ಆದರೆ ಎಳೆದೆಳೆದು, ಸುಸ್ತಾದವನಂತೆ. ಆಗ ಬ್ಯಾಟರಿಯ ಮೇಲೆ ಅನುಮಾನ ಉಳಿಯುತ್ತದೆ. ಸೆಲ್ಫ್ ಮೋಟರ್ ನೂರಾರು ಆಂಪಿಯರ್ ಕರೆಂಟ್ ನುಂಗುವಾಗ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. 12.6ರಲ್ಲಿ ಇದ್ದದ್ದು 10ರ ಆಸುಪಾಸಿಗೆ ಇಳಿದರೆ ಸರಿ, 9ಕ್ಕಿಂತ ಕೆಳಗೆ ಬಿದ್ದರೆ ಮೋಟರ್ ಹೇಗೋ ತಿರುಗೀತು, ಆದರೆ ಎಂಜಿನ್ನಿನ ಕಂಪ್ಯೂಟರ್ ಎಚ್ಚರ ತಪ್ಪಬಹುದು. ಮೆಕ್ಯಾನಿಕ್‌ಗಳು ಇಸಿಎಂ ಎಂದೋ ಇಸಿಯು ಎಂದೋ ಕರೆಯುವ ಈ ಪೆಟ್ಟಿಗೆಗೆ ಎಚ್ಚರವಿಲ್ಲದೆ ಪ್ಲಗ್ಗಿಗೆ ಕಿಡಿಯೂ ಇಲ್ಲ, ಇಂಜೆಕ್ಟರಿಗೆ ಅಪ್ಪಣೆಯೂ ಇಲ್ಲ. ಕೆಲವು ನೂರು ರೂಪಾಯಿಯ ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಅಂಬಾಸಿಡರ್, ಪದ್ಮಿನಿ, ಹಳೆಯ ಮಾರುತಿ 800ರ ಕಾಲದಲ್ಲಿ ಈ ಪೆಟ್ಟಿಗೆ ಇರಲಿಲ್ಲ. ಕಾರಿಗೆ ಬ್ಯಾಟರಿಯಿಂದ ಓಡುವ ಸೆಲ್ಫ್ ಮೋಟರನ್ನೂ, ಕಾಯಿಲ್ ಮತ್ತು ಪಾಯಿಂಟಿನ ಮೂಲಕ ಕಿಡಿ ಹಾರಿಸುವ ವ್ಯವಸ್ಥೆಯನ್ನೂ ರೂಪಿಸಿದವನು ಚಾರ್ಲ್ಸ್ ಕೆಟರಿಂಗ್ ಎಂಬ ಒಬ್ಬನೇ ಅಮೆರಿಕನ್ ಎಂಜಿನಿಯರ್. ಕೈಯಿಂದ ಹ್ಯಾಂಡಲ್ ತಿರುಗಿಸಿ ತೋಳು ಮುರಿದುಕೊಳ್ಳುವ ಕಷ್ಟವನ್ನು ಅವನ ಸೆಲ್ಫ್ ಮೋಟರ್ ಇದ್ದ 1912ರ ಕ್ಯಾಡಿಲಾಕ್ ತಪ್ಪಿಸಿತು. ಅವನ ಆ ಪಾಯಿಂಟಿನ ವ್ಯವಸ್ಥೆಯೇ ಹೆಚ್ಚು ಬದಲಾಗದೆ ನಮ್ಮ ಅಂಬಾಸಿಡರಿನವರೆಗೂ ಬಂತು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಪಾಯಿಂಟಿಗೆ ಎಮರಿ ಕಾಗದ ಉಜ್ಜಿ, ಪ್ಲಗ್ ಬಿಚ್ಚಿ ಬಾಡಿಗೆ ತಾಗಿಸಿ 'ಕರೆಂಟ್ ಬರ್ತಿದೆಯಾ' ನೋಡುವುದು ಪ್ರತಿ ಡ್ರೈವರಿಗೂ ಬರುತ್ತಿದ್ದ ವಿದ್ಯೆ. ಬೇಸಿಗೆಯಲ್ಲಿ ಆಗುಂಬೆಯನ್ನೋ ಚಾರ್ಮಾಡಿಯನ್ನೋ ಹತ್ತುವಾಗ ಕಾದ ಪಂಪಿನೊಳಗೆ ಪೆಟ್ರೋಲ್ ಆವಿಯಾಗಿ ನಿಂತುಬಿಡುತ್ತಿತ್ತು. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಬೀಡಿ ಸೇದುತ್ತ ಕೂತರೆ ಗಾಡಿ ತಾನಾಗಿ ಸರಿಹೋಗುತ್ತಿತ್ತು.

2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾಗುತ್ತ ಹೋದಂತೆ ಕಾರ್ಬ್ಯುರೇಟರ್ ಹೋಯಿತು, ಕಂಪ್ಯೂಟರಿನ ಅಪ್ಪಣೆಯಂತೆ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮುಕಿಸುವ ಎಂಪಿಎಫ್‌ಐ ಬಂತು. 2014ರಲ್ಲಿ ಅಂಬಾಸಿಡರ್, ಮಾರುತಿ 800 ಎರಡರ ತಯಾರಿಕೆಯೂ ಒಂದೇ ವರ್ಷ ನಿಂತಿತು. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವ ಬದಲಾವಣೆ ಒಂದಿದೆ. ಹಳೆಯ ಕಾರು ಸ್ಟಾರ್ಟ್ ಆಗದಿದ್ದರೆ ಅದಕ್ಕೆ ಆಗುತ್ತಿಲ್ಲ ಎಂದಷ್ಟೇ ಅರ್ಥ. ಈಗಿನ ಕಾರು ಎಷ್ಟೋ ಸಲ ಆಗುವಂತಿದ್ದೂ ಒಲ್ಲೆ ಎನ್ನುತ್ತದೆ. ಪೆಟ್ರೋಲ್ ಇದೆ, ಕಾಯಿಲ್ ಇದೆ, ಪ್ಲಗ್ ಇದೆ, ಎಲ್ಲವೂ ಗಟ್ಟಿಯಾಗಿದೆ. ಆದರೆ ನಡುವೆ ಕೂತ ಕಂಪ್ಯೂಟರಿಗೆ ಬೇಕಾದ ಒಂದು ಸುದ್ದಿ ತಲುಪಿಲ್ಲ, ಅಥವಾ ಬೇಡದ ಸುದ್ದಿ ತಲುಪಿದೆ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಕೇಳಬೇಕಾದ್ದು, ಈ ಕಾರಿಗೆ ಆಗುತ್ತಿಲ್ಲವೋ ಅಥವಾ ಇದು ಬೇಡವೆನ್ನುತ್ತಿದೆಯೋ ಎಂದು.

ಬೇಡವೆನ್ನುವುದಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಕೀ. ಕಳ್ಳತನ ತಡೆಯಲು ಯೂರೋಪಿನಲ್ಲಿ 1998ರಲ್ಲಿ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯವಾಯಿತು. ನಮ್ಮ ಕಾರುಗಳಿಗೂ ಅದು ಕ್ರಮೇಣ ಬಂತು. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದೊಂದು ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಕೀ ಹಾಕುವ ತೂತಿನ ಸುತ್ತ ಇರುವ ತಂತಿಯ ಉಂಗುರವೇ ಅದಕ್ಕೆ ಶಕ್ತಿ ಕೊಟ್ಟು, ಅದರ ಗುರುತು ಕೇಳುತ್ತದೆ. ಗುರುತು ಸಿಕ್ಕದಿದ್ದರೆ ಹಲವು ಕಾರುಗಳಲ್ಲಿ ಸೆಲ್ಫ್ ತಿರುಗುತ್ತದೆ, ಇಂಜೆಕ್ಟರ್ ಮಾತ್ರ ಬಾಯಿ ತೆರೆಯುವುದಿಲ್ಲ. ಕೆಲವು ಕಾರುಗಳು ಒಂದೆರಡು ಸೆಕೆಂಡು ಓಡಿ ಸಾಯುತ್ತವೆ. ಆಗ ಮೀಟರಿನಲ್ಲಿ ಕೀ ಅಥವಾ ಬೀಗದ ಚಿತ್ರದ ಪುಟ್ಟ ದೀಪವೊಂದು ಮಿಣುಕುತ್ತದೆ. ಪೆಟ್ರೋಲ್ ವಾಸನೆ ಹಿಡಿಯುವ ಗಡಿಬಿಡಿಯಲ್ಲಿ ಯಾರೂ ಅದನ್ನು ನೋಡುವುದಿಲ್ಲ. ಪ್ಯಾಂಟಿನ ಜೇಬಿನಲ್ಲೇ ವಾಷಿಂಗ್ ಮೆಷೀನಿಗೆ ಹೋಗಿಬಂದ ಕೀ, ರಸ್ತೆಬದಿಯಲ್ಲಿ ಹಲ್ಲು ಕೊಯ್ದು ಮಾಡಿಸಿಕೊಂಡ ಚಿಪ್ಪಿಲ್ಲದ ನಕಲು ಕೀ ಎರಡೂ ಇದನ್ನೇ ಮಾಡುತ್ತವೆ: ಬಾಗಿಲು ತೆರೆಯುತ್ತದೆ, ಸೆಲ್ಫ್ ಹೊಡೆಯುತ್ತದೆ, ಮುಂದೆ ಏನೂ ಇಲ್ಲ. ಬೀರುವಿನಲ್ಲಿರುವ ಎರಡನೇ ಕೀ ತಂದು ನೋಡುವುದೇ ಇದಕ್ಕೆ ಖರ್ಚಿಲ್ಲದ ಪರೀಕ್ಷೆ. ಒಂದೇ ಕೀ ಇರುವ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಬೆಲೆಯಲ್ಲಿ ಅದಕ್ಕೂ ಸ್ವಲ್ಪ ಕಡಿತ ಕೇಳಬೇಕು ಎನ್ನುವುದು ಅದಕ್ಕೇ.

ಎರಡನೆಯ ಕಾರಣ ಸ್ವಾರಸ್ಯದ್ದು. ಪಿಸ್ಟನ್ ಈಗ ಎಲ್ಲಿದೆ ಎಂದು ತಿಳಿಯದೆ ಕಂಪ್ಯೂಟರ್ ಕಿಡಿ ಹಾರಿಸುವಂತಿಲ್ಲ. ಅದನ್ನು ತಿಳಿಸುವುದು ಕ್ರ್ಯಾಂಕ್ ಸೆನ್ಸರ್. ಕ್ರ್ಯಾಂಕ್ ಶಾಫ್ಟಿನ ಜೊತೆ ತಿರುಗುವ ಹಲ್ಲುಗಾಲಿಯೊಂದರ ಪಕ್ಕದಲ್ಲಿ, ಮಿಲಿಮೀಟರಿನಷ್ಟು ದೂರದಲ್ಲಿ, ಅದು ಕೂತಿರುತ್ತದೆ. ಬಹಳಷ್ಟು ಎಂಜಿನ್‌ಗಳಲ್ಲಿ ಆ ಗಾಲಿಗೆ 60 ಹಲ್ಲಿನ ಜಾಗ ಇದ್ದು, 2 ಹಲ್ಲು ಬೇಕೆಂದೇ ಇಲ್ಲ. ಆ ಬೊಚ್ಚು ಜಾಗ ಎದುರಿಗೆ ಬಂದಾಗ ಕಂಪ್ಯೂಟರಿಗೆ ಲೆಕ್ಕದ ಮೊದಲು ಸಿಗುತ್ತದೆ. ಸೆನ್ಸರ್ ಸತ್ತರೆ ಎಂಜಿನ್ ತಿರುಗುತ್ತಿದೆ ಎಂಬುದೇ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಹಾಗಾಗಿ ಎರಡೂ ಒಟ್ಟಿಗೆ ಇಲ್ಲವೆಂದಾಗ ಮೊದಲ ಅನುಮಾನ ಇದರ ಮೇಲೆಯೇ. ಸೆಲ್ಫ್ ಹೊಡೆಯುವಾಗ ಮೀಟರಿನ ಆರ್‌ಪಿಎಂ ಮುಳ್ಳನ್ನು ನೋಡಿ. ಸೆಲ್ಫ್ ಎಂಜಿನ್ನನ್ನು ನಿಮಿಷಕ್ಕೆ 200ರಿಂದ 250 ಸುತ್ತು ತಿರುಗಿಸುತ್ತದೆ, ಮುಳ್ಳು ಚೂರಾದರೂ ಅಲ್ಲಾಡಬೇಕು. ಸೊನ್ನೆಯಲ್ಲೇ ಸತ್ತಂತೆ ಮಲಗಿದ್ದರೆ ಸುಳಿವು ಸಿಕ್ಕಿತು. ಎಲ್ಲ ಕಾರುಗಳ ಮುಳ್ಳೂ ಅಷ್ಟು ಪ್ರಾಮಾಣಿಕವಲ್ಲ, ಸುಳಿವನ್ನು ಸುಳಿವೆಂದೇ ಇಟ್ಟುಕೊಳ್ಳಬೇಕು.

ಈ ಸೆನ್ಸರಿನ ಇನ್ನೊಂದು ಚಾಳಿ ಮಾಲೀಕರನ್ನು ಹುಚ್ಚು ಹಿಡಿಸುತ್ತದೆ. ಬಿಸಿಯಾದಾಗ ಮಾತ್ರ ಕೈಕೊಡುತ್ತದೆ. ಬೆಂಗಳೂರಿನಿಂದ ಹೊರಟು ಹೈವೇಯಲ್ಲಿ ಎರಡು ತಾಸು ಓಡಿಸಿ, ತಿಂಡಿಗೆ ನಿಲ್ಲಿಸಿ, ಕಾಫಿ ಕುಡಿದು ಬಂದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಬಾನೆಟ್ ಎತ್ತಿಟ್ಟು ಮುಕ್ಕಾಲು ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ಹೋದಾಗ ತಣ್ಣಗಿರುವ ಗಾಡಿ ಮೆಕ್ಯಾನಿಕ್ಕಿನ ಮುಂದೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಿ ನಿಮ್ಮನ್ನು ಸುಳ್ಳುಗಾರನನ್ನಾಗಿ ಮಾಡುತ್ತದೆ. ಒಳಗಿನ ತಂತಿ ಕಾದು ಹಿಗ್ಗಿದಾಗ ಎಲ್ಲೋ ಕೂದಲೆಳೆಯಷ್ಟು ಬಿಟ್ಟುಕೊಳ್ಳುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. "ಬಿಸಿ ಇದ್ದಾಗ ಆಗಲ್ಲ, ತಣ್ಣಗಾದ್ರೆ ಆಗುತ್ತೆ" ಎಂಬ ಒಂದು ವಾಕ್ಯ ಮೆಕ್ಯಾನಿಕ್ಕಿಗೆ ಎಷ್ಟೋ ಗಂಟೆಯ ಕೆಲಸ ಉಳಿಸುತ್ತದೆ.

ಇನ್ನು ನಿಜಕ್ಕೂ 'ಆಗದ' ಕಾರಣಗಳು. ಇಲ್ಲಿ ಮೊದಲ ಸ್ಥಾನ ಪೆಟ್ರೋಲಿನದು. ಈಗಿನ ಕಾರುಗಳಲ್ಲಿ ಪಂಪ್ ಇರುವುದು ಟ್ಯಾಂಕಿನೊಳಗೆ, ಸಾಮಾನ್ಯವಾಗಿ ಹಿಂದಿನ ಸೀಟಿನ ಕೆಳಗೆ. ಸೆಲ್ಫ್ ಹೊಡೆಯದೆ ಕೀ 'ಆನ್' ಮಾಡಿ ಕಿವಿಗೊಟ್ಟರೆ ಹಿಂದುಗಡೆಯಿಂದ ಎರಡು ಸೆಕೆಂಡು 'ಗುಂಯ್' ಎಂಬ ಸದ್ದು ಬಂದು ನಿಲ್ಲುತ್ತದೆ. ಪೈಪಿನಲ್ಲಿ ಒತ್ತಡ ತುಂಬಿಕೊಳ್ಳುವ ಸದ್ದು ಅದು. ಮಕ್ಕಳನ್ನು ಸುಮ್ಮನಿರಿಸಿ, ಎಸಿ ಆರಿಸಿ, ಹಿಂದಿನ ಸೀಟಿಗೆ ಕಿವಿಯಿಟ್ಟರೆ ಇನ್ನೂ ಸ್ಪಷ್ಟ. ಸದ್ದೇ ಇಲ್ಲದಿದ್ದರೆ ಪಂಪ್ ಸತ್ತಿದೆ ಎಂದು ತೀರ್ಮಾನಿಸುವುದು ಅವಸರ. ಪಂಪಿಗೆ ಕರೆಂಟ್ ಕೊಡುವ ಫ್ಯೂಸ್, ರಿಲೇ ಎರಡನ್ನೂ ನೋಡಿ. ಬಾನೆಟ್ಟಿನ ಫ್ಯೂಸ್ ಬಾಕ್ಸಿನಲ್ಲಿ ಪಂಪಿನ ರಿಲೇಯಂಥದ್ದೇ ಇನ್ನೊಂದು, ಹೆಚ್ಚಾಗಿ ಹಾರನ್ನಿನದು, ಇರುತ್ತದೆ. ನಂಬರ್ ಒಂದೇ ಇದ್ದರೆ ಅದನ್ನು ಕಿತ್ತು ಇಲ್ಲಿ ಹಾಕಿ ನೋಡಿ. ಹಾರನ್ ಇಲ್ಲದೆ ನಮ್ಮ ರಸ್ತೆಯಲ್ಲಿ ಓಡಿಸುವುದು ಬೇರೆ ಸಾಹಸ, ಮನೆ ಮುಟ್ಟಲಂತೂ ಆಗುತ್ತದೆ. ಫೋರ್ಡ್, ಫಿಯಟ್‌ಗಳ ಹಲವು ಹಳೆಯ ಮಾದರಿಗಳಲ್ಲಿ ಅಪಘಾತವಾದರೆ ಪಂಪನ್ನು ತಾನಾಗಿ ನಿಲ್ಲಿಸುವ ಸ್ವಿಚ್ಚೊಂದಿದೆ. ಜೋರಾದ ಏಟಿಗೆ ಅದು ಎಗರಿಬಿಡುತ್ತದೆ, ಅದರ ತಲೆ ಒತ್ತಿದರೆ ಮತ್ತೆ ಸರಿ. ಗುರುತಿಲ್ಲದ ಹಂಪಿನ ಮೇಲೆ ಹಾರಿದ ಮೇಲೆ ಗಾಡಿ ನಿಂತಿದ್ದರೆ ಅದನ್ನು ಮರೆಯಬಾರದು.

ಸದ್ದು ಬಂದರೂ ಒತ್ತಡ ಸಾಲದೆ ಇರಬಹುದು. ಸಾಮಾನ್ಯ ಪೆಟ್ರೋಲ್ ಇಂಜೆಕ್ಷನ್ನಿಗೆ 3ರಿಂದ 4 ಬಾರ್ ಬೇಕು, ಗೇಜ್ ಇಲ್ಲದೆ ಇದು ತಿಳಿಯದು. ಗ್ಯಾರೇಜಿನಲ್ಲಿ ಚುಟುಕಾದ ಒಂದು ಪರೀಕ್ಷೆ ಇದೆ: ಏರ್ ಫಿಲ್ಟರಿನ ಕಡೆಯಿಂದ ಒಳಕ್ಕೆ ಕಾರ್ಬ್ಯುರೇಟರ್ ಕ್ಲೀನರನ್ನು ಒಂದು ಕ್ಷಣ ಚಿಮುಕಿಸಿ ಸೆಲ್ಫ್ ಹೊಡೆಯುವುದು. ಎಂಜಿನ್ ಒಂದೆರಡು ಸಲ ಗುಡುಗಿ ನಿಂತರೆ ಕಿಡಿ ಇದೆ, ಒತ್ತುವ ಶಕ್ತಿ ಇದೆ, ಪೆಟ್ರೋಲ್ ಮಾತ್ರ ಬರುತ್ತಿಲ್ಲ. ಏನೂ ಆಗದಿದ್ದರೆ ಪೆಟ್ರೋಲನ್ನು ಬಿಟ್ಟು ಕಿಡಿಯ ಕಡೆ ತಿರುಗಬಹುದು. ಒಂದೇ ಏಟಿಗೆ ಅರ್ಧ ಅನುಮಾನಿತರು ಬಿಡುಗಡೆ. ಬೆಂಕಿ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಇದನ್ನು ಗೊತ್ತಿದ್ದವರು ಮಾತ್ರ ಮಾಡಬೇಕು. ಡೀಸೆಲ್ ಎಂಜಿನ್ನಿನ ಹೀಟರ್ ಪ್ಲಗ್ ಕೆಂಪಗೆ ಕಾದಿರುವಾಗ ಯಾರೂ ಮಾಡಬಾರದು.

ಪಂಪ್ ಸಾಯುವುದಕ್ಕೆ ನಮ್ಮ ಉಳಿತಾಯ ಬುದ್ಧಿಯೂ ಕಾರಣ. ಪಂಪನ್ನು ತಂಪಾಗಿಡುವುದು ಅದರ ಸುತ್ತಲಿನ ಪೆಟ್ರೋಲೇ. ಸಿಎನ್‌ಜಿ ಹಾಕಿಸಿಕೊಂಡವರು ಪೆಟ್ರೋಲ್ ಮುಳ್ಳನ್ನು ವರ್ಷಗಟ್ಟಲೆ ರಿಸರ್ವಿನಲ್ಲೇ ಇಡುತ್ತಾರೆ. ಟಾಟಾದ ಐಸಿಎನ್‌ಜಿ ಕಾರುಗಳು ನೇರ ಗ್ಯಾಸಿನಲ್ಲೇ ಸ್ಟಾರ್ಟ್ ಆಗುತ್ತವೆ. ಉಳಿದ ಬಹುತೇಕ ಸಿಎನ್‌ಜಿ ಕಾರುಗಳು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಆಮೇಲೆ ಗ್ಯಾಸಿಗೆ ಹೊರಳುತ್ತವೆ. ಒಣಗಿ ಕಾದ ಪಂಪ್ ಒಂದು ದಿನ ಕೈಯೆತ್ತಿದರೆ ತುಂಬಿದ ಸಿಲಿಂಡರ್ ಇಟ್ಟುಕೊಂಡೂ ರಸ್ತೆಯಲ್ಲಿ ನಿಲ್ಲಬೇಕಾಗುತ್ತದೆ. ಇನ್ನು ಬಂಕಿನಲ್ಲಿ ಈಗ ಸಿಗುವ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ನೀರಿನ ಪಸೆಯನ್ನು ಹೀರುತ್ತದೆ. ನೀರು ಮಿತಿಮೀರಿದರೆ ಎಥನಾಲೂ ನೀರೂ ಒಂದಾಗಿ ತಳಕ್ಕೆ ಇಳಿಯುತ್ತವೆ, ಪಂಪ್ ಹೀರುವುದೂ ತಳದಿಂದಲೇ. ತಿಂಗಳುಗಟ್ಟಲೆ ಅಲ್ಲಾಡದೆ ನಿಂತ ಕಾರಿನಲ್ಲಿ ಇದನ್ನು ನೆನಪಿಡಬೇಕು. ಪೆಟ್ರೋಲ್ ಮುಳ್ಳನ್ನೂ ಪೂರ್ತಿ ನಂಬಬೇಡಿ. ಟ್ಯಾಂಕಿನ ತೇಲುಬುರುಡೆ ಸಿಕ್ಕಿಹಾಕಿಕೊಂಡು ಕಾಲು ಟ್ಯಾಂಕ್ ತೋರಿಸುತ್ತ ಖಾಲಿಯಾದ ಗಾಡಿಗಳು ಎಷ್ಟೋ ಇವೆ.

ಕಿಡಿಯ ವಿಷಯಕ್ಕೆ ಬಂದರೆ, ಪೆಟ್ರೋಲಿನ ಗಾಢ ವಾಸನೆ ಬರುತ್ತಿದೆ, ಬಿಚ್ಚಿದ ಪ್ಲಗ್ ಒದ್ದೆಯಾಗಿದೆ ಎಂದರೆ ಪೆಟ್ರೋಲ್ ತಲುಪುತ್ತಿದೆ, ಉರಿಯುತ್ತಿಲ್ಲ. ಇಲ್ಲಿ ಒಂದು ತರ್ಕ ಹಣ ಉಳಿಸುತ್ತದೆ. ಈಗಿನ ಬಹುತೇಕ ಕಾರುಗಳಲ್ಲಿ ಪ್ರತಿ ಪ್ಲಗ್ಗಿಗೂ ಒಂದೊಂದು ಕಾಯಿಲ್. ಒಂದು ಕಾಯಿಲ್ ಸತ್ತರೆ ಎಂಜಿನ್ ನಡುಗುತ್ತ, ಕುಂಟುತ್ತ ಓಡುತ್ತದೆ, ಓಡದೆ ಇರುವುದಿಲ್ಲ. ನಾಲ್ಕು ಸಿಲಿಂಡರಿನ ಕಾರಿನಲ್ಲಿ ನಾಲ್ಕೂ ಕಾಯಿಲ್ ಒಂದೇ ರಾತ್ರಿ ಒಟ್ಟಿಗೆ ಸಾಯುವುದು ಆಗದ ಮಾತು. ಆದ್ದರಿಂದ ನಾಲ್ಕರಲ್ಲೂ ಕಿಡಿ ಇಲ್ಲವೆಂದರೆ ನಾಲ್ಕಕ್ಕೂ ಸಾಮಾನ್ಯವಾದದ್ದನ್ನು ಹುಡುಕಬೇಕು: ಒಂದು ಫ್ಯೂಸ್, ಒಂದು ರಿಲೇ, ಒಂದು ಅರ್ಥಿಂಗ್ ತಂತಿ, ಅದೇ ಕ್ರ್ಯಾಂಕ್ ಸೆನ್ಸರ್. "ನಾಲ್ಕು ಪ್ಲಗ್, ನಾಲ್ಕು ಕಾಯಿಲ್ ಹಾಕಿ ನೋಡೋಣ" ಎನ್ನುವವರಿಗೆ ನೀವು ಕೇಳಬೇಕಾದ ಪ್ರಶ್ನೆ ಇದೇ. ಕೈಯಲ್ಲಿ ಹಿಡಿದು ಕಿಡಿ ನೋಡುವ ಹಳೆಯ ಶೌರ್ಯ ಈಗ ಬೇಡ, ಕಾಯಿಲ್‌ನಿಂದ ಬರುವುದು ಹತ್ತಾರು ಸಾವಿರ ವೋಲ್ಟ್.

ತೊಳೆಯಲೆಂದು ಮನೆಯ ಗೇಟಿನಿಂದ ಹೊರಗೆ ತೆಗೆದು, ಒಂದೇ ನಿಮಿಷದಲ್ಲಿ ಆರಿಸಿಟ್ಟ ಕಾರು ಮತ್ತೆ ಸ್ಟಾರ್ಟ್ ಆಗದಿದ್ದರೆ ಅದು ಬಹುಶಃ ಓವರ್‌ಫ್ಲೋ. ತಣ್ಣನೆಯ ಎಂಜಿನ್ನಿಗೆ ಕಂಪ್ಯೂಟರ್ ಧಾರಾಳವಾಗಿ ಪೆಟ್ರೋಲ್ ಕೊಟ್ಟಿರುತ್ತದೆ, ಅದು ಉರಿದು ಮುಗಿಯುವ ಮೊದಲೇ ಎಂಜಿನ್ ಆರಿರುತ್ತದೆ. ಅನೇಕ ಕಾರುಗಳಲ್ಲಿ ಎಕ್ಸಲರೇಟರನ್ನು ತಳಕ್ಕೆ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿಯೂಡುತ್ತದೆ, ಪ್ಲಗ್ಗುಗಳು ಒಣಗುತ್ತವೆ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಅರ್ಧ ನಿಮಿಷವಾದರೂ ಮೋಟರಿಗೆ ಬಿಡುವು ಕೊಡಿ.

ಇದಕ್ಕೆಲ್ಲ ಹೊರತಾದ ಒಂದು ಸದ್ದಿದೆ, ಅದನ್ನು ಕೇಳಿದ ಕೂಡಲೇ ಕೀಯಿಂದ ಕೈ ತೆಗೆಯಬೇಕು. ಸಾಮಾನ್ಯ ಎಂಜಿನ್ ಸೆಲ್ಫಿನಲ್ಲಿ ತಿರುಗುವಾಗ 'ರ್ರ್-ರ್ರ್-ರ್ರ್' ಎಂಬ ಲಯವಿರುತ್ತದೆ, ಪ್ರತಿ ಸಿಲಿಂಡರ್ ಗಾಳಿಯನ್ನು ಒತ್ತುವಾಗಿನ ಪ್ರತಿರೋಧ ಅದು. ಟೈಮಿಂಗ್ ಬೆಲ್ಟ್ ತುಂಡಾದರೆ ಈ ಏರಿಳಿತ ಮಾಯವಾಗಿ, ಎಂದಿಗಿಂತ ವೇಗವಾಗಿ, ಮಿಕ್ಸಿಯಂತೆ ಸಲೀಸಾಗಿ ತಿರುಗುತ್ತದೆ. ವಾಲ್ವುಗಳು ನಿಂತಲ್ಲೇ ನಿಂತಿರುತ್ತವೆ, ಪಿಸ್ಟನ್ ಮೇಲೆ ಬಂದು ಅವನ್ನು ಗುದ್ದಿ ಬಗ್ಗಿಸುವ ವಿನ್ಯಾಸ ಹಲವು ಎಂಜಿನ್‌ಗಳದ್ದು. ಮತ್ತೊಂದು ಸಲ ಹೊಡೆದು ನೋಡೋಣ ಎಂಬ ಆಸೆಗೆ ಬೆಲೆ ತೆರಬೇಕಾಗುತ್ತದೆ.

ಮಳೆನೀರಿನ ವಿಷಯದಲ್ಲೂ ಅಷ್ಟೇ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತ ನೆರೆ ಬಂದಾಗ ಎಷ್ಟೋ ಕಾರುಗಳು ಮುಳುಗಿದವು. ನೀರಿನಲ್ಲಿ ಆರಿದ ಎಂಜಿನ್ನಿಗೆ ಸೆಲ್ಫ್ ಹೊಡೆಯಬಾರದು. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ, ಬಗ್ಗುವುದು ಕನೆಕ್ಟಿಂಗ್ ರಾಡ್. ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ಕವಚ ತೆಗೆದುಕೊಳ್ಳದ ಸಾಮಾನ್ಯ ವಿಮೆಯಲ್ಲಿ ಈ ಹಾನಿಗೆ ಹಣ ಬರುವುದು ಕಷ್ಟ.

ಡೀಸೆಲ್ ಗಾಡಿಗೆ ಕಿಡಿಯ ರಗಳೆ ಇಲ್ಲ, ಒತ್ತಿದ ಗಾಳಿಯ ಕಾವಿಗೇ ಅದು ಉರಿಯುತ್ತದೆ. ಆದರೆ ಅದಕ್ಕೆ ಬೇರೆ ಹಟಗಳಿವೆ. ಟ್ಯಾಂಕ್ ಪೂರ್ತಿ ಖಾಲಿಯಾಗಿ ನಿಂತರೆ ಪೈಪಿನಲ್ಲಿ ಏರ್ ಹಿಡಿಯುತ್ತದೆ. ಕ್ಯಾನಿನಲ್ಲಿ ಐದು ಲೀಟರ್ ತಂದು ಸುರಿದ ಮಾತ್ರಕ್ಕೆ ಹೊರಡುವುದಿಲ್ಲ. ಫಿಲ್ಟರಿನ ಬಳಿ ಕೈಪಂಪ್ ಇದ್ದರೆ ಅದನ್ನು ಗಟ್ಟಿಯಾಗುವವರೆಗೂ ಒತ್ತಿ ಏರ್ ತೆಗೆಯಬೇಕು. ಟ್ರ್ಯಾಕ್ಟರ್ ಓಡಿಸುವ ಹಳ್ಳಿಯ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಈಗಿನ ಕಾಮನ್ ರೈಲ್ ಡೀಸೆಲ್ ಎಂಜಿನ್ನುಗಳು ಸ್ಟಾರ್ಟ್ ಆಗುವುದಕ್ಕೇ ಸುಮಾರು 200 ಬಾರ್ ಒತ್ತಡ ಕೇಳುತ್ತವೆ. ಒಂದು ಇಂಜೆಕ್ಟರ್ ಸೋರಿದರೂ ಅಷ್ಟು ಒತ್ತಡ ಕೂಡುವುದಿಲ್ಲ, ಕಂಪ್ಯೂಟರ್ ಮತ್ತೆ ಒಲ್ಲೆ ಎನ್ನುತ್ತದೆ. ಬಂಕಿನಲ್ಲಿ ತಪ್ಪಿ ಡೀಸೆಲ್ ಗಾಡಿಗೆ ಪೆಟ್ರೋಲ್ ಬಿದ್ದಿದ್ದು ಗೊತ್ತಾದರೆ ಕೀಯನ್ನು 'ಆನ್' ಕೂಡ ಮಾಡದೆ ಟ್ಯಾಂಕ್ ಬಸಿಯಬೇಕು.

ಬೆಂಗಳೂರು, ಮೈಸೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಇನ್ನೊಬ್ಬ ಅಪರಾಧಿ ಇದ್ದಾನೆ. ಬಾನೆಟ್ ಎತ್ತಿದಾಗ ಕಡಲೆಕಾಯಿ ಸಿಪ್ಪೆ, ಹಿಕ್ಕೆ, ಹರಿದ ಫೋಮ್ ಕಂಡರೆ ಸೆನ್ಸರ್ ಕೊಳ್ಳುವ ಮೊದಲು ವೈರಿಂಗ್ ನೋಡಿ. ಇಲಿಗೆ ತಂತಿಯ ಮೇಲಿನ ಹೊದಿಕೆ ಬೇಕು, ನಮಗೆ ತುಂಡಾದ ತಂತಿ ಉಳಿಯುತ್ತದೆ. ಸ್ಕ್ಯಾನರ್ ಕೂಡ ಈ ತುಂಡು ತಂತಿಯನ್ನು ನೇರವಾಗಿ ತೋರಿಸುವುದಿಲ್ಲ. ಕಳೆದ ಹತ್ತು ವರ್ಷಗಳ ಕಾರುಗಳಲ್ಲಿ ಸ್ಟೀರಿಂಗಿನ ಕೆಳಗೆ 16 ಪಿನ್ನಿನ ಸಾಕೆಟ್ ಇದೆ, ಅದಕ್ಕೆ ಸ್ಕ್ಯಾನರ್ ಸಿಕ್ಕಿಸಿದರೆ ಕೋಡ್ ಬರುತ್ತದೆ. ಪಿ-0335 ಎಂದು ಬಂತು ಎನ್ನಿ, ಅದು ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನ ಕೋಡ್. ಸೆನ್ಸರ್ ಕೆಟ್ಟಿದೆ ಎಂದು ಅದು ಹೇಳುತ್ತಿಲ್ಲ. ಸೆನ್ಸರ್, ಅದರ ಸಾಕೆಟ್, ಅಲ್ಲಿಂದ ಕಂಪ್ಯೂಟರಿನವರೆಗಿನ ತಂತಿ, ಇವುಗಳಲ್ಲೆಲ್ಲೋ ಕೆಟ್ಟಿದೆ ಎನ್ನುತ್ತಿದೆ. ಕೋಡ್ ಓದಿದವರೆಲ್ಲ ರೋಗ ಪತ್ತೆಹಚ್ಚಿದವರಲ್ಲ. ಕೋಡ್ ನೋಡಿ ನೇರ ಬೆಂಗಳೂರಿನ ಬಿಡಿಭಾಗಗಳ ಪೇಟೆಯಾದ ಜೆ.ಸಿ. ರಸ್ತೆಗೆ ಹೋಗಿ ಸೆನ್ಸರ್ ತಂದು ಹಾಕಿ, ಆಗದಿದ್ದರೆ ಕಾಯಿಲ್, ಅದೂ ಆಗದಿದ್ದರೆ ಪಂಪ್ ಎಂದು ಹೋಗುವ ರಿಪೇರಿಯಲ್ಲಿ ಪ್ರತಿ ಊಹೆಯ ಬಿಲ್ಲೂ ನಿಮ್ಮದೇ. ಭಾಗ ಬದಲಿಸುವ ಮೊದಲು "ಇದೇ ಅಂತ ಹೇಗೆ ಗೊತ್ತಾಯ್ತು?" ಎಂದು ಮರ್ಯಾದೆಯಿಂದಲೇ ಕೇಳಿ. ಒಳ್ಳೆಯ ಮೆಕ್ಯಾನಿಕ್ಕಿಗೆ ಆ ಪ್ರಶ್ನೆಯಿಂದ ಬೇಸರವಾಗುವುದಿಲ್ಲ, ಮೀಟರ್ ಹಿಡಿದು ತೋರಿಸುತ್ತಾನೆ.

ಇಷ್ಟೆಲ್ಲ ಆಗಿಯೂ ಹೊರಡದ ಗಾಡಿಯನ್ನು ಒಯ್ಯಬೇಕಾದಾಗ, ಆಟೊಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ಎಳೆಸಬೇಡಿ, ಎಂಜಿನ್ ಓಡದೆ ಗೇರ್‌ಬಾಕ್ಸಿಗೆ ಎಣ್ಣೆ ಹರಿಯುವುದಿಲ್ಲ; ಗಾಡಿಯನ್ನೇ ಮೇಲೆ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಕರೆಸಿ. ಗೇರಿನ ಕಾರನ್ನು ಎಳೆಸುವುದಾದರೆ ಸ್ಟೀರಿಂಗ್ ಲಾಕ್ ಆಗದಂತೆ ಕೀ 'ಆನ್' ಇರಲಿ. ಎಂಜಿನ್ ಆರಿದ್ದರೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಸ್ಟೀರಿಂಗೂ ಭಾರ, ಎಂಬುದನ್ನು ಮುಂದಿನ ಗಾಡಿಯ ಡ್ರೈವರಿಗೆ ಹಗ್ಗ ಬಿಗಿಯುವ ಮೊದಲೇ ಹೇಳಿಡಿ.